ಒದ್ದ ಮೇಲೆ ಕಾಲು ಮುಟ್ಟಬೇಕು

ನಾನು ಹುಟ್ಟುವಾಗ ಮೊದಲು ತಲೆ ಬರಲಿಲ್ಲ, ಕಾಲು ಬಂತು. ಇದನ್ನು ನಾನು ನೋಡಿದ್ದಲ್ಲ, ನಿಜ. ಆದರೆ ತರೀಕೆರೆ ಹತ್ತಿರದ ನನ್ನ ತವರೂರಿನಲ್ಲಿ ಯಾರನ್ನು ಕೇಳಿದರೂ ತಾವೇ ಬಾಣಂತಿ ಕೋಣೆಯಲ್ಲಿ ದೀಪ ಹಿಡಿದು ನಿಂತಿದ್ದವರ ಹಾಗೆ ವರ್ಣಿಸುತ್ತಿದ್ದರು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟ ಹಿಡಿತ, ಬೆನ್ನು ಹಿಡಿತ, ಪಕ್ಕೆ ಹಿಡಿತ ಎಲ್ಲ ಬಿಟ್ಟುಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹಾಗಾಗಿ ನಡೆಯಲು ಕಲಿತಾಗಿನಿಂದ ನಾನು ಜನರನ್ನು ಒದೆಯುತ್ತಲೇ ಬಂದಿದ್ದೇನೆ!

ಒದೆಯುವುದೆಂದರೆ ಎಮ್ಮೆ ಒದ್ದ ಹಾಗೆ ಅಲ್ಲ. ಹಿಡಿತ ಇರುವವರು ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂರಬೇಕು. ನಾನು ನೋವಿನ ಜಾಗಕ್ಕೆ ಎಡಗಾಲಿನ ಹಿಮ್ಮಡಿಯನ್ನು ಮೂರು ಸಲ ತಾಗಿಸಬೇಕು. ಅಷ್ಟೇ. ಆದರೆ ನಮ್ಮಜ್ಜಿ ಇದಕ್ಕೆ ತನ್ನದೇ ಒಂದು ಕಾನೂನು ಸೇರಿಸಿದ್ದಳು. "ಒದ್ದ ಮೇಲೆ ಅವರ ಎರಡೂ ಪಾದ ಮುಟ್ಟಿ ಕಣ್ಣಿಗೆ ಒತ್ಕೋಬೇಕು ಕಣೇ. ದೊಡ್ಡೋರಾದ್ರೂ ಸೈ, ಚಿಕ್ಕೋರಾದ್ರೂ ಸೈ. ಇಲ್ದಿದ್ರೆ ನಿನ್ ಕಾಲಿಗೆ ಕೊಬ್ಬು ಬತ್ತದೆ." ಒಮ್ಮೆ ನನ್ನ ತರಗತಿಯ ಹುಡುಗಿಯೊಬ್ಬಳನ್ನು ಒದ್ದು, ಇವಳ ಕಾಲನ್ನೇನು ಮುಟ್ಟುವುದು ಎಂದು ಸುಮ್ಮನೆ ಒಳಗೆ ಹೋದೆ. ಅಜ್ಜಿ ನನ್ನ ತಲೆಗೆ ಮೊಟಕಿದ್ದು ಇವತ್ತಿಗೂ ನೆನಪಿದೆ. ಆಮೇಲೆ ನಾನು ಯಾರ ಕಾಲನ್ನೂ ಬಿಟ್ಟವಳಲ್ಲ.

ಮದುವೆಯಾಗಿ ಅಜ್ಜಂಪುರದ ಪಕ್ಕದ ಹಳ್ಳಿಗೆ ಬಂದಾಗ, ಈ ಕಾಲಿನ ವಿಷಯ ತವರಿನಲ್ಲೇ ಉಳಿಯಲಿ ಎಂದು ದೇವರಿಗೆ ಕೈಮುಗಿದಿದ್ದೆ. ಎಲ್ಲಿ ಉಳಿಯುತ್ತದೆ? ನನ್ನ ಮೈದುನ ಮದುವೆಯಾಗಿ ಓರಗಿತ್ತಿ ಪಕ್ಕದ ಮನೆಗೆ ಬಂದಳು ನೋಡಿ, ಅವಳ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. "ನಮ್ಮಕ್ಕ ಒದ್ರೆ ಡಾಕ್ಟ್ರೇ ಬೇಡ ಕಣ್ರೀ" ಎಂದು ಹಾಲಿನ ಡೇರಿಯಲ್ಲಿ ಕ್ಯಾನು ಹಿಡಿದು ನಿಂತವರಿಗೆಲ್ಲ ಸಾರಿಬಿಟ್ಟಳು. ಮುಂದಿನ ಭಾನುವಾರವೇ ಜಗಲಿ ತುಂಬಿತು. ಬೈದೆ, ಕೂಗಾಡಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ನಗುವಿನ ಮುಂದೆ ನನ್ನ ಸಿಟ್ಟು ಯಾವತ್ತೂ ಗೆದ್ದದ್ದಿಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಎಂದರೆ, ನನಗೇ ಒಂದು ದಿನ ಎದೆ ಹಿಡಿದುಕೊಂಡಿತು. ನನ್ನನ್ನು ಯಾರು ಒದೆಯಬೇಕು ಹೇಳಿ!

ಅದು ಕೆಲವು ವರ್ಷಗಳ ಹಿಂದಿನ ಮಾತು. ತೆಂಗಿನಕಾಯಿ ಸುಲಿಯುವವರು ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಎಂದು ಆಟ ಆಡಿಸುತ್ತಿದ್ದರು. ನನಗೆ ಕಾಯುವ ಗುಣವೇ ಇಲ್ಲ. ಅಂಗಳದಲ್ಲಿ ಹಾರೆ ನೆಟ್ಟು ಎರಡು ದಿನ ನಾನೇ ಕೂತು ರಾಶಿ ಕಾಯಿ ಸುಲಿದೆ. ಮೂರನೆಯ ದಿನ ಮಿಕ್ಸಿ ರಿಪೇರಿಗೆಂದು ಕಡೂರಿನ ಬಸ್ಸು ಹತ್ತಿದೆ. ಬೀರೂರು ದಾಟುತ್ತಿದ್ದಂತೆ ಎಡಗಡೆ ಎದೆಯಲ್ಲಿ ಚುಳ್ ಎಂದಿತು. ಉಸಿರೆಳೆದರೆ ಇನ್ನೊಂದು ಸಲ ಚುಳ್. ಬಸ್ಸು ಗುಂಡಿಗೆ ಬಿದ್ದಾಗ ಇನ್ನೂ ಜೋರಾಗಿ. ಮುಗಿಯಿತು, ಹಾರ್ಟ್ ಅಟ್ಯಾಕು, ಈ ಮಿಕ್ಸಿ ಹಿಡಿದುಕೊಂಡೇ ಸಾಯುತ್ತೇನೆ ಎಂದುಕೊಂಡೆ.

"ಅಯ್ಯೋ, ನನ್ ಎದೆ!" ಎಂದು ಕೂಗಿದೆ ನೋಡಿ, ಇಡೀ ಬಸ್ಸೇ ಎದ್ದು ನಿಂತಿತು. "ಗ್ಯಾಸು ಕಣಮ್ಮ, ಸೋಡಾ ಕುಡೀರಿ" ಎಂದು ಒಬ್ಬರು. "ಜೀರಿಗೆ ಅಗಿಯವ್ವ" ಎಂದು ಇನ್ನೊಬ್ಬರು. ಹಿಂದಿನ ಸೀಟಿನ ಮುದುಕರೊಬ್ಬರು ನನ್ನ ನಾಡಿ ಹಿಡಿದು, ಕಣ್ಣು ಮುಚ್ಚಿ, ಏನೂ ಹೇಳದೆ ಬಿಟ್ಟುಬಿಟ್ಟರು. ಅದರಿಂದ ನನಗೆ ಇನ್ನಷ್ಟು ಹೆದರಿಕೆಯಾಯಿತು. ಕಂಡಕ್ಟರು ಮಾತ್ರ ಒಂದೇ ಮಾತು ಹೇಳಿದರು: "ಗ್ಯಾಸೋ ಗೀಸೋ ಡಾಕ್ಟ್ರು ಹೇಳ್ಲಿ. ರೈಟ್ ರೈಟ್, ಸೀದಾ ಆಸ್ಪತ್ರೆ!" ಬಸ್ಸು ಎಲ್ಲೂ ನಿಲ್ಲಲಿಲ್ಲ. ಒಬ್ಬರೂ ತಮ್ಮ ಸ್ಟಾಪು ಹೋಯಿತು ಎಂದು ಗೊಣಗಲಿಲ್ಲ. ಆ ದಿನ ಕಡೂರಿನ ಆಸ್ಪತ್ರೆಯ ಗೇಟಿನ ಮುಂದೆ ಸರ್ಕಾರಿ ಬಸ್ಸು ಬಂದು ನಿಂತದ್ದನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಅಲ್ಲಿದ್ದವರು ಒಬ್ಬ ಲೇಡಿ ಡಾಕ್ಟರು. ಇಸಿಜಿ ಮಾಡಿಸಿದರು, ರಕ್ತ ತೆಗೆಸಿದರು, ಕೆಲವು ಗಂಟೆ ಮಲಗಿಸಿ ಮತ್ತೆ ಇಸಿಜಿ ಮಾಡಿಸಿದರು. ಕೊನೆಗೆ ನನ್ನ ಎದೆಯ ಮೂಳೆಯ ಪಕ್ಕ, ಪಕ್ಕೆಲುಬು ಸೇರುವ ಕಡೆ, ಒಂದು ಬೆರಳಿಟ್ಟು ಒತ್ತಿದರು. ನಾನು ಚೀರಿದ್ದು, ಸುದ್ದಿ ತಿಳಿದು ಓಡಿಬಂದು ಹೊರಗೆ ಕಾಯುತ್ತಿದ್ದ ನಮ್ಮನೆಯವರಿಗೂ ಕೇಳಿಸಿತಂತೆ.

"ಕಾಯಿ ಸುಲಿದ್ರಾ, ಸೌದೆ ಒಡೆದ್ರಾ?" ಎಂದು ಕೇಳಿದರು.

"ನಿಮಗೆ ಹೆಂಗ್ ಗೊತ್ತಾಯ್ತು ಮೇಡಮ್!" ಎಂದು ನಾನು ಎದ್ದೇ ಕೂತೆ.

ನಕ್ಕು ಹೇಳಿದರು. ಹೃದಯಕ್ಕೆ ಏನೂ ಆಗಿಲ್ಲ, ಎದೆಗೂಡಿನ ಕೀಲು ಊದಿಕೊಂಡಿದೆ, ಹಾರೆಯ ಮೇಲೆ ಭಾರ ಹಾಕಿದ್ದಕ್ಕೆ ಹೀಗಾಗಿದೆ ಎಂದರು. ಬದುಕಿದ ಖುಷಿಯಲ್ಲಿ ನಾನು ಬಿಡುತ್ತೇನೆಯೇ? ಮತ್ತೆ ಯಾವ್ಯಾವುದಕ್ಕೆ ಎದೆ ನೋಯುತ್ತದೆ ಎಂದು ಒಂದೊಂದಾಗಿ ಕೇಳಿದೆ. ಪಾಪ, ಅವರು ತಾಳ್ಮೆಯಿಂದಲೇ ಹೇಳಿದರು. ಹೊಟ್ಟೆಯ ಹುಳಿ ಅನ್ನನಾಳಕ್ಕೆ ಏರಿದರೆ ಎದೆ ಉರಿಯುತ್ತದೆ. ಸರ್ಪಸುತ್ತು ಆಗುವುದಿದ್ದರೆ ಗುಳ್ಳೆ ಕಾಣುವ ಮುಂಚೆಯೇ ಪಕ್ಕೆ ಉರಿಯಬಹುದು. ಪಿತ್ತಕೋಶದ ಕಲ್ಲು, ನ್ಯುಮೋನಿಯಾ, ಶ್ವಾಸಕೋಶದ ತೊಂದರೆ, ಕೊನೆಗೆ ಬರೀ ಹೆದರಿಕೆಗೂ ಎದೆ ನೋಯುವುದುಂಟಂತೆ. ಆಮೇಲೆ ಮುಖ ಗಟ್ಟಿ ಮಾಡಿಕೊಂಡು ಇನ್ನಷ್ಟು ಹೇಳಿದರು.

"ಆದ್ರೆ ಅಮ್ಮ, ಅದು ಯಾವುದು ಅಂತ ನೀವು ತೀರ್ಮಾನ ಮಾಡ್ಬೇಡಿ. ಎದೆ ಮೇಲೆ ಭಾರ ಹೇರಿದ ಹಾಗೆ ಆಗೋದು, ಕೈಗೋ ದವಡೆಗೋ ಬೆನ್ನಿಗೋ ನೋವು ಹರಡೋದು, ತಣ್ಣನೆ ಬೆವರು, ತಲೆ ಸುತ್ತಿ ಬೀಳೋದು, ಕೆಮ್ಮಿದ್ರೆ ರಕ್ತ, ಒಂದು ಮಾತು ಮುಗಿಸೋಕೆ ಉಸಿರು ಸಾಲದಿರೋದು, ಇದ್ರಲ್ಲಿ ಒಂದಿದ್ರೂ ಕಾಯ್ಬಾರ್ದು, ತಕ್ಷಣ ಹೊರಡ್ಬೇಕು. ಹಾರ್ಟ್ ಅಲ್ಲ ಅಂದ್ರೆ ಏನೂ ಅಲ್ಲ ಅಂತ ಅರ್ಥ ಅಲ್ಲಮ್ಮ. ಇವತ್ತು ನೀವು ಬಂದಿದ್ದೇ ಸರಿ."

ಇಷ್ಟು ಚೆನ್ನಾಗಿ ಹೇಳಿದರಲ್ಲ, ನಾನು ಮನೆಗೆ ತಂದದ್ದು ಮಾತ್ರ ಆ ಒಂದು ಬೆರಳನ್ನು! ನನಗೆ ಕೊಂಬು ಬಂದುಬಿಟ್ಟಿತು. ಯಾರು ಎದೆನೋವು ಎಂದರೂ ಪಕ್ಕೆಗೆ ಬೆರಳು ಒತ್ತುವುದು, "ಇಲ್ಲಿ ನೋಯುತ್ತಾ? ಹಂಗಾದ್ರೆ ಮಾಂಸ ಹಿಡ್ಕೊಂಡೈತೆ, ಹಾರ್ಟ್ ಅಲ್ಲ ಹೋಗು" ಎನ್ನುವುದು. ಮೊದಲು ಬರೀ ಒದೆಯುತ್ತಿದ್ದೆ, ಈಗ ಒತ್ತಿ ಒದೆಯುತ್ತಿದ್ದೆ. ಓರಗಿತ್ತಿ ನನಗೆ "ಬೆರಳು ಡಾಕ್ಟ್ರು" ಎಂದು ಹೆಸರಿಟ್ಟಳು. ಹೊರಗೆ ಸಿಡುಕಿದರೂ ಒಳಗೊಳಗೆ ನನಗೆ ಅದು ಇಷ್ಟವಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹೋದ ವರ್ಷ ಅವಳು ಸ್ಕೂಟಿಯಿಂದ ಬಿದ್ದು ಮೊಣಕಾಲಿನ ಕೆಳಗೆ ಎಡಗಾಲಿನ ಮೂಳೆ ಮುರಿದುಕೊಂಡಳು. ತೊಡೆಯಿಂದ ಪಾದದವರೆಗೆ ಸಿಮೆಂಟ್ ಪಟ್ಟಿ. ಆರು ವಾರ ಒಂದೇ ಕಡೆ ಕೂತಿದ್ದಳು. ಕಂಕುಳಿಗೆ ಕೋಲು ಕೊಟ್ಟುಕೊಂಡು ಬಚ್ಚಲಿಗೆ ಹೋಗಿಬರುವುದಷ್ಟೇ ಅವಳ ಓಡಾಟ. ಒಂದು ಗುರುವಾರ ಪಟ್ಟಿ ಬಿಚ್ಚಿದರು. ಆ ಭಾನುವಾರ ಬೆಳಿಗ್ಗೆ ನಮ್ಮ ಜಗಲಿಗೆ ಕೋಲೂರಿಕೊಂಡು ಬಂದು, ಉಸ್ಸೆಂದು ಕೂತಳು.

"ಅಕ್ಕ, ಬಲಗಡೆ ಪಕ್ಕೆ ಹಿಡ್ಕೊಂಡೈತೆ. ಉಸಿರೆಳೆದ್ರೆ ಚಾಕು ಹಾಕ್ದಂಗಾಯ್ತದೆ. ಇವತ್ತು ನನ್ ಸರದಿ, ಒದಿ" ಎಂದು ನಕ್ಕಳು. ನಗುವುದಕ್ಕೂ ಕಷ್ಟಪಟ್ಟಳು. ಅದನ್ನು ನಾನು ನೋಡಿದೆ. ನೋಡಿಯೂ ಬೆರಳು ಒತ್ತಿದೆ.

"ಇಲ್ಲೇನೇ?"

"ಅಲ್ಲೇ ಅಂತ ಕಾಣ್ತದೆ ಕಣಕ್ಕ. ಒಳಗೆಲ್ಲೋ."

ಒಳಗೆಲ್ಲೋ ಎಂದ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. "ಆರು ವಾರ ಕಂಕುಳಿಗೆ ಕೋಲು ಒತ್ಕೊಂಡಿದ್ದೀಯಲ್ಲ, ಮಾಂಸ ಹಿಡ್ಕೊಂಡೈತೆ. ಹಾರ್ಟ್ ಅಲ್ಲ" ಎಂದು ತೀರ್ಪು ಕೊಟ್ಟೆ. ಮೂರು ಸಲ ಹಿಮ್ಮಡಿ ತಾಗಿಸಿದೆ. ಬಗ್ಗಿ ಅವಳ ಎರಡೂ ಪಾದ ಮುಟ್ಟಿದೆ. ಬಲಗಾಲು ತಣ್ಣಗಿತ್ತು. ಎಡಗಾಲು ಬಿಸಿಯಾಗಿತ್ತು, ಮೀನಖಂಡದವರೆಗೂ ಬಿಗಿದು ಊದಿಕೊಂಡಿತ್ತು.

"ಏನೇ ಇದು ಇಷ್ಟೊಂದು ಊತ?"

"ಪಟ್ಟಿ ಬಿಚ್ಚಿದ್ಮೇಲೆ ಹಿಂಗೇ ಅಂತೆ. ಇವ್ರು ಎಣ್ಣೆ ಕಾಯಿಸಿ ತಿಕ್ತಾ ಅವ್ರೆ" ಎಂದಳು. ಸರಿ ಎಂದು ಎದ್ದು ರೊಟ್ಟಿ ತಟ್ಟಲು ಹೋದೆ.

ಹತ್ತು ಗಂಟೆಯ ಹೊತ್ತಿಗೆ ಪಕ್ಕದ ಮನೆಯಿಂದ ಮೈದುನನ ಕೂಗು ಕೇಳಿ ಓಡಿದೆ. ಬಚ್ಚಲಿನಿಂದ ಹೊಸಿಲಿನವರೆಗೆ ನಡೆದು ಬಂದವಳು ಗೋಡೆಗೊರಗಿ ಕೂತುಬಿಟ್ಟಿದ್ದಳು. ತುಟಿಯಲ್ಲಿ ರಕ್ತವೇ ಇರಲಿಲ್ಲ. "ಅಕ್ಕ... ಏನೋ... ಒಂಥರಾ..." ಎಂದಳು. ಅಷ್ಟೇ. ಮುಂದಿನ ಪದಕ್ಕೆ ಉಸಿರು ಸಾಲಲಿಲ್ಲ. ಒಂದು ಮಾತು ಹೊಟ್ಟೆಯಲ್ಲಿ ನಿಲ್ಲದವಳಿಗೆ ಒಂದು ಮಾತು ಬಾಯಿಂದ ಬರಲಿಲ್ಲ! ಕಡೂರಿನ ಡಾಕ್ಟರಮ್ಮ ನನ್ನ ಕಿವಿಯ ಪಕ್ಕ ನಿಂತು ಹೇಳಿದಂತಾಯಿತು: ಮಾತು ಮುಗಿಸೋಕೆ ಉಸಿರು ಸಾಲದಿದ್ರೆ ಕಾಯ್ಬಾರ್ದು.

"ಆಂಬುಲೆನ್ಸಿಗೆ ಫೋನ್ ಮಾಡೋ!" ಎಂದು ಕಿರುಚಿದೆ.

ಮೈದುನ ಫೋನು ಹಿಡಿದೇ ನಿಂತ. "ಅತ್ತಿಗೆ, ಮಾಂಸ ಹಿಡ್ಕೊಂಡೈತೆ ಅಂತ ನೀವೇ ಅಂದ್ರಂತಲ್ಲ. ವಸಿ ಮಲಗಿಸಿ ನೋಡಾಣ. ಸೋಡಾ ತರ್ಲಾ?"

ಆಗ ನನಗೆ ನನ್ನ ಮೇಲೇ ಬಂದ ಸಿಟ್ಟು ಇದೆಯಲ್ಲ, ಅಂಥದ್ದು ಮತ್ಯಾರ ಮೇಲೂ ಬಂದಿಲ್ಲ. ಅಂಗಳದಲ್ಲಿ ಅಕ್ಕಪಕ್ಕದವರೆಲ್ಲ ಸೇರಿದ್ದರು. "ನಾನಂದಿದ್ದು ತಪ್ಪು ಕಣೋ! ನನ್ ಬೆರಳಿಗೆ ಬೆಂಕಿ ಬೀಳ! ಮಾಡು ಫೋನು!" ಎಂದೆ. ನನ್ನ ಬಾಯಿಂದ ತಪ್ಪು ಎಂಬ ಪದ ಬಂದದ್ದನ್ನು ಆ ಬೀದಿ ಮೊದಲ ಸಲ ಕೇಳಿತು. ಅವನು ತಕ್ಷಣ ಫೋನು ಮಾಡಿದ.

ಆಂಬುಲೆನ್ಸು ಬಂತು. ಆಮ್ಲಜನಕ ಹಾಕಿ ಮಲಗಿಸಿ ತರೀಕೆರೆ ದಾರಿ ಹಿಡಿದರು. ನಾನು ಅವಳ ಪಕ್ಕ ಕೂತು, "ಮಾತಾಡ್ಬೇಡ, ಮಾತಾಡ್ಬೇಡ" ಎನ್ನುತ್ತಿದ್ದೆ. ಇಪ್ಪತ್ತು ವರ್ಷದಿಂದ ಅವಳಿಗೆ ದಿನವೂ ಹೇಳುತ್ತಾ ಬಂದ ಮಾತದು. ಆ ದಿನ ಅವಳು ನಿಜವಾಗಿಯೂ ಸುಮ್ಮನಿದ್ದಳು, ನನಗೆ ಅಳು ತಡೆಯಲಾಗಲಿಲ್ಲ. ನಮ್ಮನೆಯವರೂ ಮೈದುನನೂ ಬೈಕಿನಲ್ಲಿ ಹಿಂದೆಯೇ ಬಂದರು.

ಆಸ್ಪತ್ರೆಯಲ್ಲಿ ಕೂಡಲೇ ಇಸಿಜಿ ಮಾಡಿದರು. ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರು ಆ ಕಾಗದ ಹಿಡಿದು, "ಹಾರ್ಟ್ ಅಟ್ಯಾಕ್ ಥರ ಕಾಣ್ತಿಲ್ಲ, ಆದ್ರೆ..." ಎಂದರು. ಆ 'ಆದ್ರೆ'ಯನ್ನು ಯಾರು ಕೇಳಬೇಕು! ಮೈದುನ ಆಗಲೇ ಹೊರಗೆ ಓಡಿದ್ದ. "ಹಾರ್ಟ್ ಅಲ್ವಂತೆ ಕಣೋ! ಹಾರ್ಟ್ ಅಲ್ಲ!" ಎಂದು ಫೋನಿನಲ್ಲಿ ಕೂಗುವುದು ಒಳಗೂ ಕೇಳುತ್ತಿತ್ತು. ನಮ್ಮನೆಯವರು ಅಲ್ಲೇ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ದೇವರಿಗೆ ಕೈಮುಗಿದರು. ಅವರ ಮುಖದ ಸಂತೋಷ ನೋಡಿ ಒಂದು ಗಳಿಗೆ ನಾನೂ ಹಿಗ್ಗಿಹೋದೆ. ಆಮೇಲೆ ಮಂಚದ ಕಡೆ ನೋಡಿದೆ. ಹಾರ್ಟ್ ಅಲ್ಲ ಎಂದು ಇವರೆಲ್ಲ ಕುಣಿಯುತ್ತಿದ್ದರೂ ಅವಳು ಮಾಸ್ಕಿನೊಳಗೆ ಇನ್ನೂ ಉಸಿರಿಗೆ ಒದ್ದಾಡುತ್ತಲೇ ಇದ್ದಳು.

"ಇವರಿಗೆ ಇತ್ತೀಚೆಗೆ ಆಪರೇಷನ್, ಪೆಟ್ಟು, ತುಂಬಾ ದಿನ ಮಲಗಿದ್ದು, ಏನಾದ್ರೂ ಉಂಟಾ?" ಎಂದು ಡಾಕ್ಟರು ನನ್ನ ಕಡೆ ತಿರುಗಿದರು.

ಎದೆನೋವಿಗೂ ಕಾಲಿಗೂ ಏನು ಸಂಬಂಧ ಎಂದು ನಮ್ಮಲ್ಲಿ ಒಬ್ಬರೂ ಅವಳ ಕಾಲಿನ ಮಾತೇ ಎತ್ತಿರಲಿಲ್ಲ. ಸೀರೆಯ ಕೆಳಗೆ ಅದು ಮುಚ್ಚಿಹೋಗಿತ್ತು. ಕಾಲಿನ ವಿಷಯ ಎತ್ತಿದರೆ, ಆ ಊತ ನಾನು ಹೇಗೆ ಕಂಡೆ ಎಂದು ಕೇಳುತ್ತಾರೆ. ಆಗ ಒದ್ದದ್ದು ಹೇಳಬೇಕು. ಇಂಗ್ಲಿಷ್ ಓದಿದ ಡಾಕ್ಟರ ಮುಂದೆ, ನರ್ಸುಗಳ ಮುಂದೆ, ಉಸಿರು ಸಿಗದವಳ ಬೆನ್ನಿಗೆ ಒದ್ದೆ ಎಂದು ಹೇಗೆ ಹೇಳುವುದು? ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಅವಳು ಮಾಸ್ಕಿನ ಮೇಲಿಂದ ನನ್ನನ್ನೇ ನೋಡುತ್ತಿದ್ದಳು.

"ಸಾರ್, ಬೆಳಿಗ್ಗೆ ನಾನಿವಳನ್ನ ಒದ್ದೆ ಸಾರ್" ಎಂದುಬಿಟ್ಟೆ.

ನರ್ಸು ಕೈಯಲ್ಲಿದ್ದ ತಟ್ಟೆಯನ್ನು ಠಣ್ ಎಂದು ಕೆಳಗಿಟ್ಟರು. ನಾನು ನಿಲ್ಲಿಸಲಿಲ್ಲ. ಕಾಲು ಮುಂದಾಗಿ ಹುಟ್ಟಿದ್ದು, ಮೂರು ಸಲ ಹಿಮ್ಮಡಿ, ಅಜ್ಜಿಯ ಕಾನೂನು, ಎರಡೂ ಪಾದ ಮುಟ್ಟಿದ್ದು, ಒಂದು ತಣ್ಣಗೆ ಒಂದು ಬಿಸಿ, ಆರು ವಾರ ಪಟ್ಟಿ, ಗುರುವಾರ ಬಿಚ್ಚಿದ್ದು, ಎಣ್ಣೆ ತಿಕ್ಕಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಡಾಕ್ಟರು ನಗಲಿಲ್ಲ, ಬೈಯಲಿಲ್ಲ. ಸೀರೆ ಸರಿಸಿ ಎರಡೂ ಕಾಲು ನೋಡಿದರು, ಟೇಪು ಹಿಡಿದು ಅಳೆದರು. ಆಮೇಲೆ ಅವರ ಕೈ ಓಡಿದ ವೇಗ! ಅದು ತನ್ನಿ, ಇದು ಹಾಕಿ ಎಂದು ಎರಡೇ ನಿಮಿಷದಲ್ಲಿ ಇಂಜೆಕ್ಷನ್ ಸಿದ್ಧವಾಯಿತು.

ಅದನ್ನು ಕೊಡುತ್ತಲೇ ನನಗೆ ಅರ್ಥವಾಗುವ ಹಾಗೆ ಹೇಳಿದರು. ಕಾಲು ಅಲ್ಲಾಡದೆ ತುಂಬಾ ದಿನ ಇದ್ದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಎದೆ ಚುಚ್ಚುತ್ತದೆ, ಉಸಿರು ಕಟ್ಟುತ್ತದೆ. ಇಲ್ಲಿ ಹಾಗೇ ಆಗಿರುವ ಅನುಮಾನ ಇದೆ, ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿ ಖಚಿತ ಮಾಡಿಕೊಳ್ಳಬೇಕು, ಅಲ್ಲಿಯವರೆಗೆ ಕಾಯದೆ ಔಷಧ ಶುರು ಮಾಡುತ್ತಿದ್ದೇನೆ ಎಂದರು. "ಈ ಕಾಲನ್ನ ಇನ್ನು ಯಾರೂ ತಿಕ್ಕಬಾರ್ದು, ಒತ್ತಬಾರ್ದು" ಎಂದು, ಆಗಷ್ಟೇ ನಗುತ್ತಾ ಒಳಗೆ ಬಂದ ಮೈದುನನಿಗೂ ಹೇಳಿದರು. ಅವನ ನಗು ಅಲ್ಲೇ ನಿಂತುಹೋಯಿತು.

"ಹಾರ್ಟ್ ಅಲ್ಲ ಅಂದ್ರಲ್ಲ ಸಾರ್?"

"ಹಾರ್ಟ್ ಅಲ್ಲ. ಆದ್ರೆ ಹಾರ್ಟ್‌ನಷ್ಟೇ ಅರ್ಜೆಂಟು."

ನಾನು ಹೇಳದಿದ್ದರೂ ಅವರೇ ಆ ಕಾಲನ್ನು ನೋಡುತ್ತಿದ್ದರೇನೋ. ಆದರೆ ಎಷ್ಟು ಹೊತ್ತಿಗೆ? ಅದನ್ನು ನಾನು ಕೇಳಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಶಿವಮೊಗ್ಗದ ಆಂಬುಲೆನ್ಸು ಹತ್ತುವಾಗ ಡಾಕ್ಟರು ನನ್ನ ಬಳಿ ಬಂದು ಹೇಳಿದರು: "ಅಮ್ಮ, ಎದೆನೋವಿನವರನ್ನ ಒದೆಯೋದು ಬಿಟ್ಬಿಡಿ. ನಿಮ್ಮಜ್ಜಿ ಹೇಳ್ಕೊಟ್ಟಿದ್ದು ಮಾತ್ರ ಬಿಡ್ಬೇಡಿ."

ಸ್ಕ್ಯಾನಿನಲ್ಲಿ ಹೆಪ್ಪು ಕಂಡಿತು. ಅಲ್ಲಿ ಅವಳು ಇದ್ದ ದಿನಗಳಲ್ಲಿ ನಾನು ತಿಂದ ಅನ್ನ ಮೈಗೆ ಹತ್ತಲಿಲ್ಲ. ಮೂರನೆಯ ದಿನವೋ ನಾಲ್ಕನೆಯ ದಿನವೋ ಮಾಸ್ಕು ತೆಗೆದರು. ನಾನು ಮಂಚದ ಪಕ್ಕ ಕೂತು, "ಉಸಿರು ಸಿಗದಿರೋಳನ್ನ ಒದ್ನಲ್ಲೇ, ನಾನೆಂಥ ಪಾಪಿ" ಎಂದು ಅತ್ತೆ. ಅವಳು ನನ್ನ ಕೈ ಹಿಡಿದು ಹೇಳಿದಳು: "ಅಕ್ಕ, ಡಾಕ್ಟ್ರ ಮುಂದೆ ಒದ್ದೆ ಸಾರ್ ಅಂದ್ಯಲ್ಲ, ಆ ನರ್ಸಮ್ಮನ ಮುಖ ನೋಡಿದ್ಯಾ? ಮಾಸ್ಕ್ ಒಳಗೆ ನಗು ಬಂದು ನನ್ ಜೀವಾನೇ ಹೋಗ್ತಿತ್ತು ಕಣಕ್ಕ." ಎಲ್ಲೂ ತಡೆಯದೆ ಅಷ್ಟುದ್ದದ ಮಾತು ಮುಗಿಸಿದಳು! ವಾರ್ಡಿನವರು ತಿರುಗಿ ನೋಡುವ ಹಾಗೆ ನಾವಿಬ್ಬರೂ ನಕ್ಕೆವು.

ಈಗಲೂ ಭಾನುವಾರ ಜಗಲಿಗೆ ಜನ ಬರುತ್ತಾರೆ. ಸೊಂಟ ಉಳುಕಿಸಿಕೊಂಡವರಿಗೆ ಹಿಮ್ಮಡಿ ತಾಗಿಸುತ್ತೇನೆ, ಸುಳ್ಳೇಕೆ ಹೇಳಲಿ. ಆದರೆ ಎದೆ, ಪಕ್ಕೆ ಎಂದರೆ ಮುಗಿಯಿತು, ಬೆರಳೂ ಇಲ್ಲ, ಕಾಲೂ ಇಲ್ಲ. ಜಗಲಿ ಹತ್ತಲೂ ಬಿಡದೆ ಆಸ್ಪತ್ರೆಗೆ ಅಟ್ಟುತ್ತೇನೆ. ಹೋಗಿಬಂದ ಒಬ್ಬರು "ಬರೀ ಗ್ಯಾಸಂತೆ ಕಣಮ್ಮ, ಸುಮ್ನೆ ಓಡಾಡ್ಸಿದ್ರಿ" ಎಂದು ರೇಗಿದರು. "ಗ್ಯಾಸು ಅಂತ ಡಾಕ್ಟ್ರು ಹೇಳಿದ್ರಲ್ಲ, ನಾನು ಹೇಳ್ಳಿಲ್ವಲ್ಲ! ಹೋಗಿ ಮಜ್ಜಿಗೆ ಕುಡೀರಿ" ಎಂದು ನಾನೂ ರೇಗಿದೆ.

ಓರಗಿತ್ತಿ ಇನ್ನೂ ಮಾತ್ರೆ ನುಂಗುತ್ತಿದ್ದಾಳೆ. ಊರಿಗೆ ಬಂದು ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕೋಲಿಲ್ಲದೆ ನಡೆದು ಬಂದು, ಅದೇ ಜಗಲಿಯ ಮೇಲೆ, ಅದೇ ಜಾಗದಲ್ಲಿ ಕೂತಳು. ಈ ಸಲ ಬೆನ್ನು ತಿರುಗಿಸಲಿಲ್ಲ, ನನ್ನ ಕಡೆಗೆ ಮುಖ ಮಾಡಿ ಕಾಲು ಚಾಚಿದಳು. ನಾನು ರೊಟ್ಟಿಯ ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಬಗ್ಗಿದೆ. ಎರಡೂ ಅಂಗೈಯಿಂದ ಎರಡೂ ಪಾದ ಮುಟ್ಟಿದೆ, ಮೀನಖಂಡದವರೆಗೂ ಮೆಲ್ಲಗೆ ಕೈಯಾಡಿಸಿದೆ. ಎರಡೂ ತಣ್ಣಗಿದ್ದವು. ಎರಡೂ ಒಂದೇ ಸಮ ಇದ್ದವು.